ಮಳೆಗಾಗಿ ವಾಯಿದೆ ಕೇಳಿದ ವಕೀಲರು

ನಮ್ಮ ವಕೀಲರು ತೀರಿಕೊಂಡ ಮೇಲೆ ಹುಣಸೂರಿನಲ್ಲಿ ನಡೆದ ಶ್ರದ್ಧಾಂಜಲಿ ಸಭೆಯಲ್ಲಿ ನನಗೂ ಒಂದು ಹಾರ ಹಾಕಿದರು. ಅವರ ಭಾವಚಿತ್ರಕ್ಕೆ ಹಾಕಿದ ಹಾರಕ್ಕಿಂತ ಅದು ಸ್ವಲ್ಪ ಸಣ್ಣದು, ಅಷ್ಟೆ. ಈಚೆಗೆ ವಕೀಲಿ ವೃತ್ತಿಗೆ ಇಳಿದ ಹುಡುಗನೊಬ್ಬ ಮೈಕಿನ ಮುಂದೆ ನಿಂತು, "ಆ ಹೊಗೆಸೊಪ್ಪಿನ ಕೇಸಿನಲ್ಲಿ ಸೊಸೈಟಿ ಅಧ್ಯಕ್ಷರ ಕಣ್ಣೆದುರೇ ಹೆದರದೆ ಸತ್ಯ ಹೇಳಿದ ಮಹನೀಯರು ಇವರು" ಎಂದು ನನ್ನ ಕಡೆ ಕೈ ತೋರಿಸಿದ. ಜನ ಚಪ್ಪಾಳೆ ತಟ್ಟಿದರು. ನಾನು ಎದ್ದು ನಿಂತು ಕೈ ಮುಗಿದೆ. ಬಾಯಿ ಬಿಡಲಿಲ್ಲ. ಬಿಡಬೇಕಾಗಿತ್ತು. ಅದಕ್ಕೇ ಈಗ ಬರೆಯುತ್ತಿದ್ದೇನೆ.

ನಾನು ಎಸ್ಸೆಸ್ಸೆಲ್ಸಿ ಓದಿದವನು. ಅವರ ಬಳಿ ಗುಮಾಸ್ತನಾಗಿ ಅರ್ಜಿ, ವಕಾಲತ್ತು ಬರೆದು ಬರೆದು ನನ್ನ ಕನ್ನಡಕ್ಕೆ ಕೋರ್ಟಿನ ವಾಸನೆ ಹತ್ತಿದೆ. ಓದುವವರು ಸಹಿಸಿಕೊಳ್ಳಬೇಕು.

ಅವರ ಆಫೀಸು ಮನೆಯ ಮುಂದಿನ ಕೋಣೆಯಲ್ಲೇ ಇತ್ತು. ಎದುರಿಗೆ ಮರ ಕೊಯ್ಯುವ ಮಿಲ್ಲು. ಬೆಳಗಾದರೆ ಗರಗಸದ ಸದ್ದು. ಹೊಸದಾಗಿ ಬಂದ ಕಕ್ಷಿದಾರರು ಆ ಸದ್ದಿನ ಮೇಲೆ ಕೂಗಿ ಮಾತಾಡುತ್ತಿದ್ದರು. ಇವರು ಮಾತ್ರ ದನಿ ಎತ್ತುತ್ತಿರಲಿಲ್ಲ. ಕೋರ್ಟಿನಲ್ಲೂ ಹಾಗೆಯೇ. ಒಮ್ಮೆ ಕಾರಣ ಕೇಳಿದ್ದಕ್ಕೆ, "ಕೂಗಿದ್ರೆ ಗರಗಸದ ಜೊತೆ ಪೈಪೋಟಿ ಮಾಡ್ಬೇಕು ಕಣಯ್ಯ. ಮೆಲ್ಲಗೆ ಹೇಳಿದ್ರೆ ಎದುರಿನವನೇ ಹತ್ರ ಬರ್ತಾನೆ" ಎಂದರು. ನಿಜವೇ. ಅವರು ವಾದಿಸುವಾಗ ಮ್ಯಾಜಿಸ್ಟ್ರೇಟರು ಮೇಜಿನ ಮೇಲೆ ಬಾಗಿಕೊಳ್ಳುತ್ತಿದ್ದರು. ಬೆಂಚಿನ ಮೇಲೆ ಬೀಡಿ ಕಟ್ಟು ಹಿಡಿದು ಕೂತವರೂ ಬಾಗಿಕೊಳ್ಳುತ್ತಿದ್ದರು.

ಕುಳ್ಳ ಆಳು. ಕರಿ ಕೋಟು ಮೊಣಕೈ ಹತ್ತಿರ ತೌಡಿನ ಬಣ್ಣಕ್ಕೆ ತಿರುಗಿತ್ತು. ಕಕ್ಷಿದಾರ ಬಾಯಿ ತೆರೆದನೆಂದರೆ ಕೈಗಡಿಯಾರ ಬಿಚ್ಚಿ ಡ್ರಾಯರಿನೊಳಗೆ ಹಾಕಿಬಿಡುತ್ತಿದ್ದರು. ಕೋಟಿನ ಜೇಬಿನಲ್ಲಿ ಯಾವಾಗಲೂ ಹುರಿದ ಕಡಲೆಕಾಯಿ. ಕಾನೂನಿನ ದಪ್ಪ ಪುಸ್ತಕಗಳ ನಡುವೆ ಕಡಲೆಕಾಯಿ ಸಿಪ್ಪೆ ಸಿಕ್ಕುವುದು ನಮ್ಮ ಆಫೀಸಿನಲ್ಲಿ ಮಾತ್ರ.

ಅರವತ್ತು ಎಪ್ಪತ್ತರ ದಶಕದಲ್ಲಿ ನಮ್ಮ ಕಡೆ ವಕೀಲರೆಂದರೆ ಜಮೀನಿನ ಬದು, ಪಾಲು, ಹೊಡೆದಾಟ, ಇಷ್ಟೇ. ಇವರದು ಬೇರೆ ದಾರಿ. ಕೆ.ಆರ್. ನಗರದ ಅಕ್ಕಿ ಗಿರಣಿ, ಎಚ್.ಡಿ. ಕೋಟೆಯ ಮರದ ವ್ಯಾಪಾರ, ಪಿರಿಯಾಪಟ್ಟಣದ ಹೊಗೆಸೊಪ್ಪು, ಹೀಗೆ ಕೊಂಡವನಿಗೂ ಮಾರಿದವನಿಗೂ ಬಿದ್ದ ವ್ಯಾಜ್ಯಗಳು ಅವರ ಬಳಿ ಬರುತ್ತಿದ್ದವು. ಅದರ ಜೊತೆಗೆ ಅವರೇ ಹೆಸರಿಟ್ಟ "ಬಿಳಿ ಶರಟಿನ ಕೇಸು"ಗಳು. ಬ್ಯಾಂಕಿನ ಕ್ಯಾಷಿಯರು, ಸೊಸೈಟಿ ಕಾರ್ಯದರ್ಶಿ, ಡಿಪೋ ಗುಮಾಸ್ತ, ಇಂಥವರ ಮೇಲೆ ನಂಬಿಕೆದ್ರೋಹ, ಮೋಸ ಎಂದು ಬೀಳುತ್ತಿದ್ದ ಮೊಕದ್ದಮೆಗಳು. "ಕೋಳಿ ಕದ್ದವನ ಕೈಯಲ್ಲಿ ಪುಕ್ಕ ಇರುತ್ತೆ. ಬಿಳಿ ಶರಟಿನವನ ಕೈಯಲ್ಲಿ ಏನೂ ಇರಲ್ಲ. ಅದಕ್ಕೇ ಅವನು ಕದ್ದ ಅನ್ನೋದನ್ನ ತೋರಿಸೋದೂ ಕಷ್ಟ, ಕದಿಯಲಿಲ್ಲ ಅನ್ನೋದನ್ನ ತೋರಿಸೋದೂ ಕಷ್ಟ" ಎನ್ನುತ್ತಿದ್ದರು.

ಅವರ ಕೋಣೆಯಲ್ಲಿ ಮೇಜಿನ ಈಚೆ ಎರಡು ಕುರ್ಚಿ. ಕಕ್ಷಿದಾರ ಬಂದು ಒಂದರಲ್ಲಿ ಕೂತು ತನ್ನ ಗೋಳು ತೋಡಿಕೊಳ್ಳಲು ಶುರು ಮಾಡಿದರೆ ತಡೆಯುತ್ತಿದ್ದರು. "ಆ ಕುರ್ಚೀಲಿ ಕೂತ್ಕೊಳ್ಳಿ. ಅದು ನಿಮ್ಮ ಎದುರಾಳಿ ಕುರ್ಚಿ. ಈಗ ಅವನಾಗಿ ಮಾತಾಡಿ. ನಿಮ್ಮನ್ನ ಬಯ್ಯಿರಿ. ಏನೂ ಬಚ್ಚಿಡಬೇಡಿ."

ರಾವಂದೂರು ಕಡೆಯ ಗೌಡರೊಬ್ಬರು ಇದಕ್ಕೆ ರೇಗಿ, "ನನ್ನ ಬಾಯಿಂದ ನನ್ನೇ ಬಯ್ಯಿಸೋಕೆ ನಿಮ್ಮ ತಾವ ಬರ್ಬೇಕಾ ಬುದ್ಧಿ? ಮನೇಲಿ ಎಂಡ್ರು ಅವ್ಳೆ ಅಲ್ವಾ!" ಎಂದಿದ್ದರು. ಒಬ್ಬ ಬ್ಯಾಂಕ್ ಕ್ಯಾಷಿಯರಂತೂ ಎದುರಾಳಿ ಕುರ್ಚಿಯಲ್ಲಿ ಕೂತು ತನ್ನ ಮೇಲೆ ಎಷ್ಟು ಚೆನ್ನಾಗಿ ವಾದ ಮಾಡಿದನೆಂದರೆ, ಕೊನೆಗೆ ತಾನೇ ಅಳತೊಡಗಿದ. ನಮ್ಮ ವಕೀಲರು ಅವನ ಮುಂದೆ ಕಡಲೆಕಾಯಿ ಸರಿಸಿ, "ಸರಿ. ಇನ್ನು ನಾವು ತಪ್ಪಿಲ್ಲ ಅನ್ನೋದು ಬೇಡ. ಶಿಕ್ಷೆ ಕಮ್ಮಿ ಮಾಡ್ಸೋದು ನೋಡೋಣ" ಎಂದರು. ಅವನ ಪರವಾಗಿಯೂ ಅಷ್ಟೇ ಶ್ರದ್ಧೆಯಿಂದ ನಿಂತರು. "ಕದ್ದವನಿಗೂ ವಕೀಲ ಬೇಕು. ಕದಿಯದವನಿಗೆ ಒಳ್ಳೆ ವಕೀಲ ಬೇಕು" ಎಂಬುದು ಅವರ ಮಾತು.

ಇನ್ನೊಂದು ಹಟವಿತ್ತು. ಕಾಗದ ನೋಡುವ ಮೊದಲು ವಸ್ತು ನೋಡಬೇಕು. ಮರದ ವ್ಯಾಜ್ಯವಾದರೆ ಅಂತರಸಂತೆವರೆಗೆ ಬಸ್ಸಿನಲ್ಲಿ ಹೋಗಿ ದಿಮ್ಮಿಯ ಮೇಲೆ ಕೂತು ಬರುತ್ತಿದ್ದರು. ಅಕ್ಕಿಯ ವ್ಯಾಜ್ಯವಾದರೆ ಆ ಅಕ್ಕಿಯ ಅನ್ನವನ್ನೇ ಉಣ್ಣುತ್ತಿದ್ದರು. ಒಂದು ಸಲ ಕೆ.ಆರ್. ನಗರದ ಗಿರಣಿಯವರು ಒಳ್ಳೆಯ ಸಣ್ಣಕ್ಕಿಯೆಂದು ಹೋಟೆಲಿನವನಿಗೆ ನುಚ್ಚು ಬೆರೆಸಿ ಕಳಿಸಿದ್ದಾರೆಂದು ದಾವೆ ಬಿದ್ದಿತ್ತು. ಎರಡೂ ಕಡೆಯವರನ್ನು ಮನೆಗೆ ಕರೆದು, ಹೆಂಡತಿ, ಅಂದರೆ ನಮ್ಮ ಅಮ್ಮಾವ್ರ ಕೈಲಿ ಆ ಅಕ್ಕಿಯನ್ನೇ ಬೇಯಿಸಿ, ಬಡಿಸಿ, "ಊಟ ಆಗೋವರೆಗೆ ಯಾರೂ ಮಾತಾಡಬಾರದು" ಎಂದರು. ಗಿರಣಿಯವರು ಎರಡನೇ ತುತ್ತಿಗೆ ತಲೆ ತಗ್ಗಿಸಿ, "ಬುಡಿ ಸ್ವಾಮಿ, ಬೇರೆ ಅಕ್ಕಿ ಕೊಡ್ತೀನಿ" ಎಂದರಂತೆ. ಇದು ನಾನು ಬರುವುದಕ್ಕೆ ಮುಂಚಿನ ಮಾತು. ಅಮ್ಮಾವ್ರು ಹೇಳಿ ನಗುತ್ತಿದ್ದರು.

ನಾನು ಅವರನ್ನು ಮೊದಲು ಕಂಡದ್ದು ಎದುರು ಪಕ್ಷದ ಸಾಕ್ಷಿಯಾಗಿ.

ಆಗ ನಾನು ಒಂದು ಹೊಗೆಸೊಪ್ಪು ಬೆಳೆಗಾರರ ಸೊಸೈಟಿಯಲ್ಲಿ ತೂಕದ ಗುಮಾಸ್ತ. ಅದಕ್ಕೂ ಮುಂಚೆ ಕೊಪ್ಪದ ಸಂತೆಯಲ್ಲಿ ವ್ಯಾಪಾರಿಯೊಬ್ಬನ ತಕ್ಕಡಿ ಹಿಡಿಯುತ್ತಿದ್ದೆ. ಅಲ್ಲಿ ಕಲಿತ ವಿದ್ಯೆ ಒಂದಿತ್ತು. ತಟ್ಟೆಯ ಹಗ್ಗ ಹಿಡಿದಂತೆ ಮಾಡಿ ಕಿರುಬೆರಳನ್ನು ತಟ್ಟೆಯ ಅಂಚಿನಡಿ ಕೊಟ್ಟರೆ, ಮಾಲು ಹಗುರವಾಗಿ ಕಾಣುತ್ತದೆ. ರೈತ ತಕ್ಕಡಿಯ ಮುಳ್ಳನ್ನೇ ನೋಡುತ್ತಿರುತ್ತಾನೆ, ಬೆರಳನ್ನು ನೋಡುವುದಿಲ್ಲ.

ಸೊಸೈಟಿಯ ಕೆಲಸ ಕೊಡಿಸಿದವರು ಅಧ್ಯಕ್ಷರು. ದೊಡ್ಡ ಹಿಡುವಳಿದಾರರು, ಸಾಲು ಬ್ಯಾರನ್ನುಗಳ ಒಡೆಯರು. ಬ್ಯಾರನ್ ಎಂದರೆ ಹಸಿ ಎಲೆಯನ್ನು ಬಿಸಿಗಾಳಿಯಲ್ಲಿ ಹದ ಮಾಡುವ ಗೂಡು. ಅವರ ಬ್ಯಾರನ್ನಿನಲ್ಲಿ ಸೀದುಹೋದ ಎಲೆಗೂ ಮೊದಲ ದರ್ಜೆಯ ಚೀಟಿ ಅಂಟಿಸಬೇಕೆಂದು ಅವರ ಅಪ್ಪಣೆ. ಕಾರ್ಯದರ್ಶಿ ಶಿವಣ್ಣ ಒಪ್ಪಲಿಲ್ಲ. "ನಿಮ್ಮ ಸೊಪ್ಪಿಗೆ ಒಂದು ಕಣ್ಣು, ಬಡವರ ಸೊಪ್ಪಿಗೆ ಒಂದು ಕಣ್ಣು ನನಗಿಲ್ಲ" ಎಂದು ಎಲ್ಲರ ಮುಂದೆ ಹೇಳಿಬಿಟ್ಟರು.

ಆ ಬೇಸಗೆಯಲ್ಲಿ ಗೋದಾಮಿನ ತಪಾಸಣೆ ಬಂತು. ತೂಗಿದರೆ ಮಾಲು ಕಮ್ಮಿ. ಮೂಟೆಗಳೆಲ್ಲ ಇದ್ದವು, ತೂಕವೇ ಇಲ್ಲ. ಹೊಗೆಸೊಪ್ಪು ಬಲ್ಲವರಿಗೆ ಇದರಲ್ಲಿ ಆಶ್ಚರ್ಯವಿಲ್ಲ. ಒಣಗಿದ ಎಲೆ ಮುಟ್ಟಿದರೆ ಪುಡಿಯಾಗುತ್ತದೆಂದು, ರೈತರು ಅದನ್ನು ಮಂಜಿನ ಗಾಳಿಗೆ ಬಿಟ್ಟು ಮೆತ್ತಗಾದ ಮೇಲೆ ಕಟ್ಟುತ್ತಾರೆ. ಹಾಗೆ ಬಂದ ಮೂಟೆ ತಗಡಿನ ಗೋದಾಮಿನಲ್ಲಿ ಬೇಸಗೆ ಕಳೆದರೆ ಸೊರಗದೆ ಇನ್ನೇನು? ಆದರೆ ತಪಾಸಣೆಗೆ ಬಂದವರು ದೂರದ ಊರಿನವರು. ಅವರಿಗೆ ಕಮ್ಮಿ ಎಂದರೆ ಕಳವು. ಊರಿನವರಿಗೆ ಗೊತ್ತಿತ್ತು. ಅಧ್ಯಕ್ಷರ ಮುಖ ನೋಡಿ ಯಾರೂ ಮಾತಾಡಲಿಲ್ಲ. ನನಗೂ ಗೊತ್ತಿತ್ತು.

ಅಧ್ಯಕ್ಷರು ನನ್ನನ್ನು ಕರೆಸಿದರು. "ಶಿವಣ್ಣ ಸಂಜೆ ಒತ್ನಲ್ಲಿ ಗಾಡೀಲಿ ಸೊಪ್ಪು ಸಾಗಿಸ್ಕಂಡು ಓದದ್ದ ನೀ ಕಂಡಿದ್ದೀಯ, ಅಲ್ವೇನ್ಲಾ?"

"ಇಲ್ಲ ಬುದ್ಧಿ..."

"ಕಂಡಿದ್ದೀಯ ಕಣ್ಲಾ. ಗೆಪ್ತಿ ಮಾಡ್ಕೊ."

ನಾನು ಜ್ಞಾಪಿಸಿಕೊಂಡೆ. ಪೊಲೀಸರ ಮುಂದೆ ಹಾಗೆಯೇ ಹೇಳಿಕೆ ಕೊಟ್ಟೆ. ಶಿವಣ್ಣನವರನ್ನು ಪೇಟೆಯ ನಡುವೆ ನಡೆಸಿಕೊಂಡು ಹೋದರು. ಅವರು ನನಗೆ ಒಂದು ದಿನವೂ ಕೆಟ್ಟ ಮಾತು ಆಡಿದವರಲ್ಲ.

ಶಿವಣ್ಣನವರ ಹೆಂಡತಿ ಗೌರಮ್ಮ ನಮ್ಮ ವಕೀಲರ ಬಾಗಿಲಿಗೆ ಹೋದರು. ಇವರು ಮಾಮೂಲಿನಂತೆ ಮೊದಲು ಗೋದಾಮಿಗೆ ಬಂದರು. ಮೂಟೆಗಳ ನಡುವೆ ಓಡಾಡಿ, ಒಂದು ಎಲೆ ಮುಟ್ಟಿ, ಅದು ಬೆರಳಲ್ಲೇ ಪುಡಿಯಾದದ್ದನ್ನು ಮೂಸಿ, ಒಂದು ಸೀನು ಸೀನಿ ಹೊರಟುಹೋದರು. ನನ್ನನ್ನು ಏನೂ ಕೇಳಲಿಲ್ಲ.

ಕೇಸು ವಿಚಾರಣೆಗೆ ಬಂದಾಗ ಅವರು ವಾಯಿದೆ ಕೇಳಿದರು. ಮುಂದಿನ ಸಲವೂ ವಾಯಿದೆ. ಒಮ್ಮೆ ಜ್ವರ ಎಂದರು, ಒಮ್ಮೆ ಮೈಸೂರಿನಲ್ಲಿ ಬೇರೆ ಕೇಸು ಎಂದರು. ಕೋರ್ಟಿನೆದುರಿನ ಹೋಟೆಲಿನಲ್ಲಿ ಅಧ್ಯಕ್ಷರು ಎಲ್ಲರಿಗೂ ಕೇಳುವಂತೆ, "ಅಕ್ಕಿ ಉಣ್ಣೋ ವಕೀಲ್ನಿಗೆ ಒಗೆಸೊಪ್ಪು ಜೀರ್ಣ ಆಯ್ತಾ ಇಲ್ಲ ಕಣ್ರಲಾ!" ಎಂದು ನಕ್ಕರು. ನಾವೂ ನಕ್ಕೆವು. ನಮ್ಮ ವಕೀಲರು ಪಕ್ಕದ ಬೆಂಚಿನಲ್ಲಿ ಕೂತು ಕಾಫಿ ಆರಿಸಿಕೊಳ್ಳುತ್ತಿದ್ದರು. ಬಾಗಿಲ ಹೊರಗೆ ಆಕಾಶ ನೋಡುತ್ತಿದ್ದರು.

ಆಷಾಢದ ಜಡಿಮಳೆ ಹಿಡಿಯಿತು. ಗೋಡೆ ಮುಟ್ಟಿದರೆ ಕೈ ತೇವವಾಗುವಂಥ ಮಳೆ. ಆಗ ಅವರು ಎದ್ದು, "ಸ್ವಾಮಿ, ನಾವು ಸಿದ್ಧ" ಎಂದರು.

ಸಾಕ್ಷಿ ಕಟ್ಟೆಯಲ್ಲಿ ನಾನು ಬಾಯಿಪಾಠ ಒಪ್ಪಿಸಿದೆ. ಗಾಡಿ ಕಂಡೆ, ಸೊಪ್ಪು ಕಂಡೆ, ಶಿವಣ್ಣನವರನ್ನು ಕಂಡೆ. ಪಾಟೀಸವಾಲಿಗೆ ನಮ್ಮ ವಕೀಲರು ಎದ್ದರು. ಗಾಡಿಯ ಮಾತೇ ಎತ್ತಲಿಲ್ಲ. ತಪಾಸಣೆಯ ದಿನ ಮಾದರಿಗೆಂದು ಒಂದು ಮೂಟೆಯನ್ನು ತೂಗಿ, ಅರಗಿನ ಮುದ್ರೆ ಒತ್ತಿ, ಕೇಸಿನ ಮಾಲು ಇಡುವ ಕೋರ್ಟಿನ ಮುದ್ದೆಮಾಲು ಕೋಣೆಯಲ್ಲಿ ಇಟ್ಟಿದ್ದರು. ಅದನ್ನು ತರಿಸಬೇಕೆಂದು ಕೇಳಿದರು.

"ಮುದ್ರೆ ಸರಿಯಾಗಿದೆಯಾ ನೋಡಪ್ಪ."

"ಸರಿಯಾಗಿದೆ ಸ್ವಾಮಿ."

"ಗೋಣಿಗೆ ನೀರು ತಾಗಿದೆಯಾ?"

"ಇಲ್ಲ ಸ್ವಾಮಿ."

"ಹಾಗಾದ್ರೆ ನೀನೇ ತೂಗಿ ಹೇಳು. ತೂಕದ ಗುಮಾಸ್ತ ನೀನೇ ತಾನೆ? ನಾವು ತೂಗಿದ್ರೆ ಸರ್ಕಾರಿ ವಕೀಲರಿಗೆ ಅನುಮಾನ."

ತೊಲೆಗೆ ತಕ್ಕಡಿ ಕಟ್ಟಿದರು. ಒಂದು ತಟ್ಟೆಗೆ ಮೂಟೆ. ಇನ್ನೊಂದಕ್ಕೆ, ಬೇಸಗೆಯಲ್ಲಿ ಪಂಚನಾಮೆಯಲ್ಲಿ ಬರೆದಿದ್ದಷ್ಟೇ ತೂಕದ ಬಟ್ಟುಗಳು. ಆಗ ನನಗೆ ಅವರ ಯೋಚನೆ ಪೂರ್ತಿ ಹೊಳೆಯಿತು. ಮಳೆಗಾಳಿ ಕುಡಿದು ಮೂಟೆ ಭಾರವಾಗಿದೆ. ಬಾಗಿಲ ಬಳಿ ಅಧ್ಯಕ್ಷರು ನಿಂತಿದ್ದರು. ಅವರ ಕಣ್ಣು ನನ್ನ ಮೇಲೆ.

ನಾನು ಹಗ್ಗ ಹಿಡಿದೆ. ಕಿರುಬೆರಳು ತಾನಾಗಿ ತಟ್ಟೆಯಡಿಗೆ ಹೋಯಿತು. "ತಾನಾಗಿ" ಎಂದು ಬರೆದದ್ದು ಸುಳ್ಳು. ನಾನೇ ಕೊಟ್ಟೆ. ಮುಳ್ಳು ನೆಟ್ಟಗೆ ನಿಂತಿತು.

"ಸಮ ಇದೆ ಸ್ವಾಮಿ" ಎಂದೆ.

ಕೋರ್ಟಿನಲ್ಲಿ ಗುಸುಗುಸು ಎದ್ದಿತು. ಶಿವಣ್ಣನವರು ಕಟಕಟೆಯ ಸರಳು ಹಿಡಿದುಕೊಂಡರು. ಸರ್ಕಾರಿ ವಕೀಲರು ಕೂತಲ್ಲೇ ಕಾಲ ಮೇಲೆ ಕಾಲು ಹಾಕಿದರು. ಬೇರೆ ಯಾರಾದರೂ ಆಗಿದ್ದರೆ ಆಗ "ಮೋಸ!" ಎಂದು ಕೂಗುತ್ತಿದ್ದರು. ಕೂಗಿದ್ದರೆ ನಾನು ಇಲ್ಲವೆನ್ನುತ್ತಿದ್ದೆ. ಅಲ್ಲಿಗೆ ಮುಗಿಯುತ್ತಿತ್ತು.

ನಮ್ಮ ವಕೀಲರು ನನ್ನ ಹತ್ತಿರ ಬಂದರು. ಅವರ ದನಿ ಇನ್ನೂ ತಗ್ಗಿತು. "ಸ್ವಾಮಿ, ಸಾಕ್ಷಿಗೆ ಗಾಬರಿ. ತಟ್ಟೆ ಅಲುಗಾಡ್ತಿದೆ. ಇನ್ನೊಂದು ಸಲ ಆಗಲಿ." ಮ್ಯಾಜಿಸ್ಟ್ರೇಟರು ತಲೆಯಾಡಿಸಿದರು. ಆಮೇಲೆ ವಕೀಲರು ನನಗೆ: "ದೇವರ ಮೇಲೆ ಪ್ರಮಾಣ ಮಾಡಿದ್ದೀಯಲ್ಲಪ್ಪ. ಎರಡೂ ಕೈ ಮುಗಿದು ನಿಂತ್ಕೊ. ತಕ್ಕಡಿ ತಾನೇ ಹೇಳ್ಲಿ."

ಕೈ ಮುಗಿದವನಿಗೆ ಬೆರಳೆಲ್ಲಿ? ನಾನು ಕೈ ಜೋಡಿಸಿದೆ. ಮೂಟೆಯ ತಟ್ಟೆ ಮೆಲ್ಲಗೆ ಇಳಿಯತೊಡಗಿತು. ಇಳಿಯಿತು, ಇಳಿಯಿತು, ನೆಲ ಮುಟ್ಟಿ ಕೂತಿತು. ಬಟ್ಟುಗಳ ತಟ್ಟೆ ಮೇಲೆ ತೂಗಾಡುತ್ತಿತ್ತು. ಹೊರಗೆ ಹೆಂಚಿನ ಮೇಲೆ ಮಳೆ ಸುರಿಯುವುದು ಎಲ್ಲರಿಗೂ ಕೇಳಿಸಿತು.

"ಸ್ವಾಮಿ," ಎಂದರು ನಮ್ಮ ವಕೀಲರು, "ಈ ಮೂಟೆ ಕೋರ್ಟಿನ ಬೀಗದೊಳಗೆ ಇತ್ತು. ಬೀಗದ ಕೈ ನನ್ನ ಕಕ್ಷಿದಾರನ ಹತ್ರ ಇರಲಿಲ್ಲ. ಬೇಸಗೇಲಿ ಕಮ್ಮಿ ಆದದ್ದಕ್ಕೆ ಅವನು ಕಳ್ಳ ಆದ್ರೆ, ಮಳೆಗಾಲದಲ್ಲಿ ಜಾಸ್ತಿ ಆದದ್ದಕ್ಕೆ ಯಾರಿಗೆ ಬಹುಮಾನ ಕೊಡೋಣ? ಮುದ್ದೆಮಾಲು ಕೋಣೆಯ ಜವಾನನಿಗಾ?"

ಮೊದಲು ನಕ್ಕವನು ಆ ಜವಾನನೇ. ಆಮೇಲೆ ಕೋರ್ಟೇ ನಕ್ಕಿತು. ಮ್ಯಾಜಿಸ್ಟ್ರೇಟರು ನಗು ಮುಚ್ಚಿಕೊಳ್ಳಲು ಕರ್ಚೀಫು ತೆಗೆದರು. ಆ ಗದ್ದಲ ನಿಂತ ಮೇಲೆ ವಕೀಲರು ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ. "ಗಾಡಿ ನಿಜವಾಗ್ಲೂ ಕಂಡೆಯಾ?"

"ಇಲ್ಲ ಸ್ವಾಮಿ. ಕಾಣಲಿಲ್ಲ."

ಆ ಮಾತು ಮಾತ್ರ ನನ್ನದು. ಅದಕ್ಕೆ ಮುಂಚಿನದು ಅವರು ನನ್ನ ಕೈ ಕಟ್ಟಿ ಹೇಳಿಸಿದ್ದು.

ಶಿವಣ್ಣನವರು ಖುಲಾಸೆಯಾದರು. ತೀರ್ಪಿನ ದಿನ ರಾವಂದೂರಿನಿಂದ ಎತ್ತಿನ ಗಾಡಿ ಕಟ್ಟಿಕೊಂಡು ಬಂದಿದ್ದ ರೈತರು ಮಳೆಯಲ್ಲೇ ತಮಟೆ ಬಡಿಸಿದರು. ಶಿವಣ್ಣನವರನ್ನು ಹೆಗಲ ಮೇಲೆ ಹೊತ್ತರು. ವಕೀಲರನ್ನೂ ಹೊರಲು ಹೋದಾಗ ಅವರು ಜೇಬು ಹಿಡಿದುಕೊಂಡು, "ಬೇಡ್ರಪ್ಪೋ, ಕಡಲೆಕಾಯಿ ಚೆಲ್ಲುತ್ತೆ!" ಎಂದು ಓಡಿದರು. ಮುಂದಿನ ಚುನಾವಣೆಯಲ್ಲಿ ಅಧ್ಯಕ್ಷರು ಸೋತರು. ಶಿವಣ್ಣನವರು ಮತ್ತೆ ಕಾರ್ಯದರ್ಶಿ ಕುರ್ಚಿಗೆ ಬಂದರು. ಒಣಗಿ ಕಮ್ಮಿಯಾಗುವ ತೂಕಕ್ಕೆ ಕಾರ್ಯದರ್ಶಿ ಹೊಣೆಯಲ್ಲವೆಂದು ನಮ್ಮ ವಕೀಲರೇ ಸೊಸೈಟಿಗೆ ನಿಯಮ ಬರೆದುಕೊಟ್ಟರು. ಸುತ್ತಲಿನ ಸೊಸೈಟಿಯವರು ಬಂದು ಅದನ್ನು ನಕಲು ಮಾಡಿಕೊಂಡು ಹೋದರು. ಆ ನಕಲುಗಳನ್ನು ಬರೆದುಕೊಟ್ಟವನು ನಾನು. ಸೊಸೈಟಿ ಕೆಲಸ ಬಿಟ್ಟು ದಿಕ್ಕುಗಾಣದೆ ಕೂತಿದ್ದವನನ್ನು ಅವರೇ ಕರೆಸಿ, "ಅಕ್ಷರ ದುಂಡಗಿದೆಯಂತಲ್ಲ, ನಾಳೆಯಿಂದ ಬಾ" ಎಂದಿದ್ದರು.

ಊರು ನನ್ನನ್ನು ಹೊಗಳಿತು. ಮೊದಲ ಸಲ ಗಾಬರಿಯಿಂದ ತಪ್ಪು ತೂಗಿದೆ, ಎರಡನೆಯ ಸಲ ಧೈರ್ಯ ಮಾಡಿದೆ ಎಂದುಕೊಂಡಿತು. ನಾನು ಅಲ್ಲವೆನ್ನಲಿಲ್ಲ. ಹೊಗಳಿಕೆ ಮೆತ್ತಗಿನ ಹಾಸಿಗೆ. ಎದ್ದೇಳಲು ಮನಸ್ಸು ಬರುವುದಿಲ್ಲ.

ಬಹಳ ವರ್ಷದ ಮೇಲೆ ಒಮ್ಮೆ ಅವರ ಮುಂದೆ ಬಾಯಿಬಿಟ್ಟೆ. "ಅವತ್ತು ನನ್ನ ಬೆರಳು..." ಎಂದು ಶುರು ಮಾಡುವಷ್ಟರಲ್ಲಿ, "ತೂಗೋವಾಗ ತಕ್ಕಡಿ ನೋಡಬಾರದು ಕಣಯ್ಯ, ತೂಗೋನ ಭುಜ ನೋಡ್ಬೇಕು. ನಮ್ಮಪ್ಪ ಅಂಗಡಿ ಇಟ್ಟಿದ್ದರು" ಎಂದರು. ಸ್ವಲ್ಪ ಹೊತ್ತು ಕಡಲೆಕಾಯಿ ಬಿಡಿಸಿದರು. "ಆ ಕೇಸು ನನ್ನ ಮಟ್ಟಿಗೆ ಮುಗೀತು. ಉಳಿದಿದ್ದು ನಿಂದು. ಅರ್ಜಿ ಯಾವತ್ತು ಬೇಕಾದ್ರೂ ಹಾಕ್ಕೊ. ಅದಕ್ಕೆ ಕಾಲಮಿತಿ ಇಲ್ಲ."

ನಾನು ಹಾಕಿಕೊಳ್ಳಲಿಲ್ಲ. ಹಾರ ಹಾಕಿಸಿಕೊಳ್ಳುವವರೆಗೂ ಬಂದೆ.

ಸಭೆಯ ಮಾರನೆಯ ದಿನ ಬಸ್ಸು ಹತ್ತಿ ಶಿವಣ್ಣನವರ ಮನೆಗೆ ಹೋದೆ. ಈಗ ಕೋಲು ಹಿಡಿದು ನಡೆಯುತ್ತಾರೆ, ಕಿವಿ ಮಾತ್ರ ಚುರುಕು. ಜಗಲಿಯ ಮೇಲೆ ಕೂತು ಎಲ್ಲ ಹೇಳಿದೆ.

"ಮೊದಲ್ನೆ ಸಲ ತೂಕ ಸಮ ಅಂದ್ಯಲ್ಲ ಪುಟ್ಟಸಾಮಿ," ಎಂದರು, "ಆಗ ನಮ್ಮೋಳು ಎದ್ದು ಆಚೆಗೆ ಓದ್ಲು. ನಾನು ಕಟಕಟೇಲಿ ನಿಂತು ನೋಡ್ತಿದ್ದೆ. ಮಳೇಲಿ ಸೊಪ್ಪು ಭಾರ ಆಗ್ಲೇಬೇಕು ಅಂತ ವಕೀಲ್ರು ಅವಳ್ಗೆ ಏಳಿದ್ರು. ಆಗ್ನಿಲ್ಲ ಅಂದ್ರೆ ಗಂಡ ಕದ್ದವ್ನೆ ಅಂತಲೇ ಅಲ್ವಾ? ನಾ ಬಿಡುಗಡೆ ಆದ್ಮೇಲೂ, ಗಂಡನ್ನ ನಂಬ್ದೆ ಎದ್ದು ಓದ್ನಲ್ಲ ಅಂತ ಇವತ್ತಿಗೂ ಕೊರಗ್ತಾಳೆ. ಜಗಳ ಆದಾಗೆಲ್ಲ ನಾನೂ ಅದನ್ನೇ ಎತ್ತಿ ಗೆಲ್ತಿದ್ದೆ, ಪಾಪಿ ನಾನು."

ನನ್ನ ಬೆರಳು ಶಿವಣ್ಣನವರಿಗೆ ತಾಗಲಿಲ್ಲ, ವಕೀಲರು ತಪ್ಪಿಸಿದರು ಎಂದು ಇಷ್ಟು ವರ್ಷ ಸಮಾಧಾನ ಮಾಡಿಕೊಂಡಿದ್ದೆ. ಅದು ಗೌರಮ್ಮನವರ ಎದೆಯ ಮೇಲೆ ಕೂತಿತ್ತು.

ಅವರು ಬಾಗಿಲಲ್ಲೇ ನಿಂತಿದ್ದರು. ಕೈಯಲ್ಲಿ ಕಾಫಿ ಲೋಟ. ಎಷ್ಟು ಹೊತ್ತಿನಿಂದಲೋ ತಿಳಿಯದು.

"ಅಂಗಾರೆ ಆ ತೂಕ ಗಾಬರೀಲಿ ತಪ್ಪಿದ್ದಲ್ಲ, ಬೇಕಂತ್ಲೇ ಸುಳ್ಳಾ?"

"ಹೌದು ಕಣಮ್ಮ. ನಾನು ಮಾಡಿದ್ದು."

ಲೋಟ ಕೆಳಗಿಟ್ಟರು. ನನ್ನ ಹತ್ತಿರ ಬಂದು, ಹೊಡೆಯುತ್ತಾರೆಂದೇ ಅಂದುಕೊಂಡೆ, ಹೊಡೆಯಲಿಲ್ಲ. "ಮುಂಡೇದೇ! ಇದ ಏಳಾಕೆ ನಿನಗೆ ತಲೆ ಬೆಳ್ಳಗಾಗ್ಬೇಕಿತ್ತಾ? ಕಾಫಿ ಕುಡಿ. ಕ್ಷಮ್ಸದು ಗಿಮ್ಸದು ಆಮ್ಯಾಕೆ ನೋಡಾನ." ಗಂಡನ ಕಡೆ ತಿರುಗಿದರು. ಬೆನ್ನು ನೆಟ್ಟಗಾಗಿತ್ತು. "ನೀವು! ಇನ್ನೊಂದು ಕಿತ ಆ ಮಾತು ಎತ್ತಿ ನೋಡಿ!"

"ಎತ್ತಲ್ಲ ಕಣೆ."

"ಎತ್ತೀರೇನು?"

"ಇಲ್ಲ ಅಂದ್ನಲ್ಲೇ. ಪುಟ್ಟಸಾಮಿ, ನನ್ತಾವ ಇದ್ದ ಒಂದೇ ಆಯುಧನೂ ಕಿತ್ಕಂಡೆ ಕಣಯ್ಯ!"

ಗೌರಮ್ಮನವರು ಕೇಳಿಸಿಕೊಳ್ಳಲಿಲ್ಲ. ಆಗಲೇ ಬೀದಿಗೆ ಇಳಿದಿದ್ದರು. ಎದುರು ಮನೆಯ ಹುಡುಗಿ ಬಾಗಿಲಿಗೆ ನೀರು ಹಾಕುತ್ತಿದ್ದಳು.

"ನಮ್ಮ ಯಜಮಾನ್ರು ಕದ್ದಿರ್ನಿಲ್ಲ ಕಣೇ!"

ಹುಡುಗಿ ಬಿಂದಿಗೆ ಹಿಡಿದುಕೊಂಡೇ ಕಣ್ಣು ಬಿಟ್ಟಳು. "ಏನ ಕದ್ದಿರ್ನಿಲ್ಲ ಅಜ್ಜೀ?"

"ಬಿಂದಿಗೆ ಮಡಗು. ಇಲ್ಲಿ ಬಂದು ಕೂತ್ಕೊ, ಏಳ್ತೀನಿ" ಎಂದು ಅವಳನ್ನು ಜಗಲಿಗೆ ಎಳೆದು ತಂದರು. ಸೆರಗಿನಿಂದ ಮುಖ ಒರೆಸಿಕೊಂಡರು. ಅವರು ನಗುತ್ತಿದ್ದರು.

"ಉಣಸೂರಲ್ಲಿ ಒಬ್ರು ವಕೀಲ್ರಿದ್ರು ಕಣವ್ವ..."